ಬಾರಕೇರರು ಏಳಲಿಲ್ಲ

ಒಬ್ಬ ಮನುಷ್ಯ ಮಾತಾಡುತ್ತಿರುವಾಗ ಅವನು ಕುಳಿತಿದ್ದಾನೋ ನಿಂತಿದ್ದಾನೋ ಎಂಬುದನ್ನು ಪತ್ರಿಕೆಗೆ ವರದಿ ಬರೆಯುವ ಬಾತ್ಮೀದಾರ ಮೊದಲು ನೋಡಿಕೊಳ್ಳಬೇಕು. ಏನು ಮಾತಾಡಿದ ಎಂಬುದು ಆಮೇಲಿನದು. ಈ ವೃತ್ತಿಗೆ ಹೊಸದಾಗಿ ಬರುವವರು ನನ್ನನ್ನು ಕಾಣಲು ಬಂದಾಗ ಇದನ್ನು ಹೇಳುತ್ತೇನೆ. ಮುಪ್ಪಿನ ಮಾತು ಎಂದುಕೊಂಡು ಅವರು ನಗುತ್ತಾರೆ. ನಾನು ಯಾವಾಗ ಉಪಸಂಪಾದಕನಾದೆ, ಯಾವಾಗ ನಿವೃತ್ತನಾದೆ ಎಂಬುದರಲ್ಲಿ ಯಾರಿಗೂ ಆಸಕ್ತಿ ಇರಬೇಕಿಲ್ಲ, ನನಗೇ ಇಲ್ಲ. ಆದರೆ ನಾನು ತಂತಿ ಸಂದೇಶದಲ್ಲಿ ಬಿಟ್ಟ ಒಂದು ಪದದಿಂದ ಒಬ್ಬ ಶಾಸಕರ ಹರಗೋಲು ಮೂರು ಮಳೆಗಾಲ ಬೋರಲು ಬಿದ್ದಿತ್ತು. ಅದನ್ನು ಬರೆದಿಡಬೇಕು.

ನಮ್ಮದು ವಾರಪತ್ರಿಕೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಮನೆ. ಎರಡೂ ಪಕ್ಕದಲ್ಲಿ ಮಗ್ಗಗಳು, ನಡುವೆ ನಮ್ಮ ಕಾಲಿನಿಂದ ತುಳಿಯುವ ಅಚ್ಚಿನ ಯಂತ್ರ. ಮಗ್ಗಗಳಿಗೆ ರಜೆಯಿದ್ದ ದಿನ ನಮಗೆ ಬರೆಯಲು ಬರುತ್ತಿರಲಿಲ್ಲ, ಕಿವಿಗೆ ಏನೋ ಕೊರತೆ ಎನಿಸುತ್ತಿತ್ತು. ಸಂಪಾದಕರು ಕುಲಕರ್ಣಿ ಮಾಸ್ತರು. ಶಾಲೆಯ ಕೆಲಸ ಬಿಟ್ಟು ಪತ್ರಿಕೆ ಮಾಡಿದವರು, ಆದರೆ ಕೈಯಲ್ಲಿನ ಬೆತ್ತ ಬಿಟ್ಟಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಅವರು ಕೊಟ್ಟ ತರಬೇತಿ ಎಂದರೆ ಎರಡು ವಾಕ್ಯ. "ಕಂಡಷ್ಟ ಬರಿ. ಕಾಣದ್ದನ್ನ ದೇವರಿಗೆ ಬಿಡು."

ಅಕ್ಷರ ಜೋಡಿಸುವವರು ಮೌಲಾಸಾಬರು. ಆಗ ಒಂದೊಂದು ಅಕ್ಷರದ ಸೀಸದ ಅಚ್ಚನ್ನೂ ಗೂಡಿನಿಂದ ಆರಿಸಿ ಸಾಲು ಕಟ್ಟಬೇಕಿತ್ತು, ಮುದ್ರಣವಾದ ಮೇಲೆ ಬಿಡಿಸಿ ಗೂಡಿಗೆ ಹಾಕಬೇಕಿತ್ತು. ಮೌಲಾಸಾಬರು ಬುದ್ಧಿವಂತರು. ಪ್ರತಿ ವಾರವೂ ಬರುವ ಮಾತುಗಳನ್ನು ಬಿಡಿಸದೆ ದಾರದಿಂದ ಕಟ್ಟಿ ಹಲಗೆಯ ಮೇಲೆ ಸಾಲಾಗಿ ಇಟ್ಟುಕೊಂಡಿದ್ದರು. "ಅಪಾರ ಜನಸ್ತೋಮ ನೆರೆದಿತ್ತು" ಒಂದು ಕಟ್ಟು. "ತುಂಬಲಾರದ ನಷ್ಟವಾಗಿದೆ" ಒಂದು ಕಟ್ಟು. "ಎದ್ದು ನಿಂತು ಸಭೆಯನ್ನುದ್ದೇಶಿಸಿ ಮಾತನಾಡುತ್ತ" ಒಂದು ಕಟ್ಟು. ವರದಿ ಬಂದರೆ ಕಟ್ಟುಗಳನ್ನು ಕೂರಿಸಿ, ನಡುವೆ ಹೆಸರುಗಳನ್ನು ಮಾತ್ರ ಹೊಸದಾಗಿ ಜೋಡಿಸುತ್ತಿದ್ದರು.

ಇದರ ಅಪಾಯ ನನಗೆ ಮೊದಲು ಗೊತ್ತಾದದ್ದು ಹೊಂಬಳದಲ್ಲಿ. ಅಲ್ಲಿ ಶೇಂಗಾ ಬೆಳೆಗಾರರ ಸಭೆಗೆ ಹೋಗಿದ್ದೆ. ಏಳು ಜನ ಬಂದಿದ್ದರು, ಒಂದು ಎಮ್ಮೆಯೂ ಇತ್ತು. ನಾನು ಕಂಡಷ್ಟು ಬರೆದೆ. ಅಚ್ಚಾದದ್ದು ಅಪಾರ ಜನಸ್ತೋಮ. ಮುಂದಿನ ವಾರ ಹೊಂಬಳದವನೊಬ್ಬ ಕಚೇರಿಗೆ ಬಂದು, "ಯಪ್ಪಾ, ಆ ಜನಸ್ತೋಮ ಯಾವ ಓಣ್ಯಾಗ ಕುಂತಿತ್ತು ಹೇಳ್ರಿ, ನಮಗ ಕಾಣಲಿಲ್ಲ" ಎಂದ. ಮೌಲಾಸಾಬರು ತಲೆ ಎತ್ತದೆ, "ಎಮ್ಮಿ ಇತ್ತಲ್ಲ, ಅಪಾರನ ಇತ್ತು" ಎಂದರು. ಎಲ್ಲರೂ ನಕ್ಕೆವು. ಆಗ ನಗಬಾರದಿತ್ತು.

ಇನ್ನು ಶಾಸಕರ ವಿಷಯ. ಫಕೀರಪ್ಪ ಬಾರಕೇರ. ಮುಂಡರಗಿ ಕಡೆಯ ಕೊರ್ಲಹಳ್ಳಿಯಲ್ಲಿ ತುಂಗಭದ್ರೆಯ ದಂಡೆಯ ಮೀನುಗಾರರು, ಹೊಳೆ ದಾಟಿಸುವವರು. ಶಿರಹಟ್ಟಿಯ ಫಕೀರಸ್ವಾಮಿಗಳ ಮಠಕ್ಕೆ ಹರಕೆ ಹೊತ್ತು ಹುಟ್ಟಿದ ಮಗನಾದ್ದರಿಂದ ಆ ಹೆಸರು. ಅವರ ಕೇರಿಯಲ್ಲಿ ಒಂದು ಕಟ್ಟಳೆಯಿತ್ತು: ಹರಗೋಲು ನೀರಿಗೆ ಬಿದ್ದ ಮೇಲೆ ದಂಡೆ ಮುಟ್ಟುವವರೆಗೆ ಹುಟ್ಟು ಹಿಡಿದವನು ಏಳುವಂತಿಲ್ಲ. ಹರಗೋಲು ಎಂದರೆ ಬಿದಿರಿನ ದುಂಡು ಬುಟ್ಟಿಗೆ ಚರ್ಮ ಹೊದಿಸಿದ್ದು; ಒಬ್ಬ ಎದ್ದರೆ ಎಲ್ಲರೂ ನೀರಿಗೆ. ಯಾವಾಗಲೋ ಯಾರೋ ಎದ್ದು, ಒಂದು ಮದುವೆಯ ದಿಬ್ಬಣವೇ ಮುಳುಗಿತ್ತಂತೆ. ಅಂದಿನಿಂದ, ಎದ್ದವನ ಹರಗೋಲನ್ನು ಅವನ ಮನೆಯ ಮುಂದೆ ಬೋರಲು ಹಾಕುತ್ತಿದ್ದರು. ಅವನ ಕೈಯ ಹುಟ್ಟು ಕಸಿಯುತ್ತಿದ್ದರು, ಬಲೆಯನ್ನು ಮುಟ್ಟಗೊಡುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮ ಸೀಮೆ ಚಿಂದಿ ಕೌದಿಯಂತಿತ್ತು. ಗದಗ, ಮುಂಡರಗಿ ಮುಂಬಯಿ ಪ್ರಾಂತ. ಶಿರಹಟ್ಟಿ ಒಬ್ಬ ರಾಜನದು, ಲಕ್ಷ್ಮೇಶ್ವರ ಇನ್ನೊಬ್ಬನದು. ಸಂಸ್ಥಾನಗಳು ಬೇಗ ಹೋದವು, ಆದರೆ ಹೊಳೆಯ ಗಡಿ ಉಳಿಯಿತು. ಈಚೆ ದಂಡೆ ಮುಂಬಯಿ, ಆಚೆ ದಂಡೆ ಮದ್ರಾಸು. ಮೀನು ಕೂಡುವ ಆಳದ ಮಡು ಆಚೆ ದಂಡೆಯ ಹತ್ತಿರ. ಹೊಳೆಯ ನಡುವೆ ಸರ್ಕಾರ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿತು. ಮೊದಲ ನೆರೆಗೆ ಬಿದಿರು ಹೋಯಿತು. ಆಚೆ ದಂಡೆಯ ಅಧಿಕಾರಿಯೊಬ್ಬರ ಮನಸ್ಸಿನಲ್ಲಿ ಮಾತ್ರ ಅದು ನೆಟ್ಟಗೆ ನಿಂತಿತ್ತು. ಅವರು ಒಂದು ದಿನ ಬಂದು ಕೊರ್ಲಹಳ್ಳಿಯವರ ಊರಬಲೆಯನ್ನು ವಶಪಡಿಸಿಕೊಂಡರು.

ಊರಬಲೆ ಎಂದರೆ ಇಡೀ ಕೇರಿಯ ಒಂದೇ ದೊಡ್ಡ ಬಲೆ. ಪ್ರತಿ ಮನೆಯೂ ತನ್ನ ಪಾಲಿನ ಮೊಳಗಳನ್ನು ತಾನೇ ನೇಯ್ದು ಜೋಡಿಸುತ್ತಿತ್ತು. ಗಂಟು ಹಾಕುವ ರೀತಿ ನೋಡಿ ಇದು ಯಾರ ಮನೆಯದು ಎಂದು ಹೇಳಬಹುದಿತ್ತು. ಅದಿಲ್ಲದೆ ಮಡುವಿನ ಮೀನು ಸಿಗುವುದಿಲ್ಲ. ಕೇರಿಯ ಗಂಜಿ ಆ ಬಲೆಯಿಂದ ಬರುತ್ತಿತ್ತು. ವಿಚಾರಣೆಯ ದಿನ ನಾನಿದ್ದೆ.

"ಮೀನು ಎಲ್ಲಿ ಹುಟ್ಟಿತ್ತು?" ಎಂದರು ಅಧಿಕಾರಿ.

"ನೀರಾಗ್ರಿ" ಎಂದರು ಬಾರಕೇರರು.

"ಯಾವ ನೀರಿನಲ್ಲಿ?"

"ತೊಯ್ಯೋ ನೀರಾಗ್ರಿ."

ಅಧಿಕಾರಿ ಇದನ್ನು ಬರೆದುಕೊಂಡು, ಉತ್ತರ ಅಸ್ಪಷ್ಟ ಎಂದು ಷರಾ ಹಾಕಿ, ಬಲೆಯನ್ನು ಕಚೇರಿಗೆ ಒಯ್ದರು.

ಬಾರಕೇರರು ಶಾಸಕರಾದದ್ದು ಹರಗೋಲಿನಲ್ಲಿಯೇ. ಮೊದಲ ಸಾರ್ವತ್ರಿಕ ಚುನಾವಣೆಗೆ ಮುಂಚಿನ ಮಳೆಗಾಲ. ಆಚೆ ದಂಡೆಯ ಒಂದು ಮದುವೆಯಿಂದ ಮರಳಲು ಶಿಗ್ಲಿಯ ಗೌಡರೂ ಗದಗಿನ ಹತ್ತಿ ವ್ಯಾಪಾರಿ ಶೆಟ್ಟರೂ ಒಂದೇ ಹರಗೋಲಿಗೆ ಬಂದರು. ಇಬ್ಬರಿಗೂ ಅಭ್ಯರ್ಥಿಯಾಗುವ ಆಸೆ, ಇಬ್ಬರ ನಡುವೆ ಮಾತು ನಿಂತಿತ್ತು. ಬಾರಕೇರರು ಇಬ್ಬರನ್ನೂ ಜೋಳದ ಚೀಲ ನೋಡುವಂತೆ ನೋಡಿದರು.

"ಗೌಡ್ರ ಈ ಕಡಿ. ಶೆಟ್ಟರ ಅವರ ಎದುರಿಗೆ. ಮಣಕಾಲಿಗೆ ಮಣಕಾಲ ಹತ್ತಲಿ."

"ಅಂವನ ಎದುರಿಗೆ ನಾ ಕುಂಡ್ರಂಗಿಲ್ಲ" ಎಂದರು ಶೆಟ್ಟರು.

"ಹಂಗಾರ ನೀರಾಗ ಕುಂಡ್ರರಿ."

ಕುಳಿತರು. ಅದೇ ಮದುವೆಗೆ ಹೋಗಿದ್ದ ನನ್ನನ್ನು ಒಂದು ಕಲ್ಲಿನ ಜೊತೆ ಪಕ್ಕಕ್ಕೆ ಹಾಕಿದರು. ಕಲ್ಲಿಲ್ಲದಿದ್ದರೆ ನನ್ನ ತೂಕ ಸಾಲದಂತೆ. ನಡುಹೊಳೆಯಲ್ಲಿ ಇಬ್ಬರಿಗೂ ಜಗಳ ಹತ್ತಿತು. ಗೌಡರು ಏಳಲು ಹೋದರು. ಬಾರಕೇರರು ಕುಳಿತಲ್ಲಿಂದಲೇ ಹುಟ್ಟಿನಿಂದ ಅವರ ಮೊಣಕಾಲಿಗೆ ಒಂದು ಕೊಟ್ಟರು. ಆಮೇಲೆ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನಾದರು. "ನಿಮ್ಮದು ಮುಗೀಲಿ. ಆಮ್ಯಾಲ ಹೋಗೂಣು." ಹರಗೋಲು ಸುತ್ತತೊಡಗಿತು. ಬಹಳ ಹೊತ್ತು ಸುತ್ತಿತು. ಗೌಡರ ಮುಖ ಹಸಿರಾಯಿತು, ಶೆಟ್ಟರು ಮದುವೆಯ ಊಟವನ್ನು ಹೊಳೆಗೆ ಒಪ್ಪಿಸಿದರು. ಕೊನೆಗೆ ಗೌಡರು, "ಇಂವನ್ನ ಬಿಟ್ಟು ಯಾರನ್ನರ ನಿಲ್ಲಸ್ರಿ" ಎಂದರು. ಶೆಟ್ಟರೂ ಅದನ್ನೇ ಅಂದರು. ಯಾರನ್ನು ಎಂದು ಇಬ್ಬರೂ ಸುತ್ತ ನೋಡಿದಾಗ ಅಲ್ಲಿದ್ದವರು ನಾನು ಮತ್ತು ಬಾರಕೇರರು. ನಾನು ಬಾತ್ಮೀದಾರ, ನನಗೆ ಪಕ್ಷವಿಲ್ಲ ಎಂದೆ.

ಹೀಗೆ ಎರಡೂ ಬಣದ ಮತ ಅವರಿಗೇ ಬಿತ್ತು. ಮುಂಬಯಿಗೆ ಹೊರಡುವ ದಿನ ಕೇರಿಯ ಹಿರಿಯ ಭರಮಜ್ಜ ಅವರನ್ನು ಹೊಳೆಯ ದಂಡೆಯಲ್ಲಿ ಕೂರಿಸಿ, ಹುಟ್ಟನ್ನು ತೊಡೆಯ ಮೇಲಿಟ್ಟ.

"ನೋಡಲೇ ಫಕೀರಾ, ಈಗ ನೀ ಕುಂತದ್ದು ಊರ ಹರಗೋಲ. ಊರಬಲಿ ತರಾಕ ಹೊಂಟಿ. ದಂಡಿ ಮುಟ್ಟೋತನಕ ಏಳಬ್ಯಾಡ."

"ಏಳಂಗಿಲ್ಲಜ್ಜಾ" ಎಂದರು ಬಾರಕೇರರು. ಇದು ಆಶೀರ್ವಾದದ ಮಾತು ಎಂದುಕೊಂಡು ನಾನು ಬರೆದುಕೊಳ್ಳಲಿಲ್ಲ. ಅದು ಆಣೆ ಎಂದು ಗೊತ್ತಾದದ್ದು ಮುಂಬಯಿಯಲ್ಲಿ.

ಮುಂಬಯಿಗೆ ನಾನು ಹೋಗುವ ಹೊತ್ತಿಗೆ ಒಂದು ಬದಲಾವಣೆಯಾಗಿತ್ತು. ಹೊಳೆಯ ಆಚೆ ದಂಡೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಹೋಗಿತ್ತು. ಬಲೆ ಇದ್ದ ಕೋಣೆಯಲ್ಲಿಯೇ ಇತ್ತು. ಅದೇ ಅಧಿಕಾರಿ ಅದೇ ಕುರ್ಚಿಯಲ್ಲಿದ್ದರು. ಬಲೆಯ ಕಾಗದಗಳು ಮಾತ್ರ ಮದ್ರಾಸಿನಲ್ಲಿ ಉಳಿದವು. ಹೀಗಾಗಿ ಬಲೆಯನ್ನು ಹಿಡಿದಿಟ್ಟ ಸರ್ಕಾರಕ್ಕೆ ಅದನ್ನು ಬಿಡಲು ಕಾಗದವಿರಲಿಲ್ಲ, ಕಾಗದವಿದ್ದ ಸರ್ಕಾರದ ಬಳಿ ಬಲೆಯಿರಲಿಲ್ಲ. ಮುಂಬಯಿ ಸರ್ಕಾರದ ಬಳಿ ಎರಡೂ ಇರಲಿಲ್ಲ, ಬಾರಕೇರರಿದ್ದರು. ಅಲ್ಲಿಯವರೆಗೆ ಅವರಿಗೆ ಸಭೆಯಲ್ಲಿ ಮಾತಿನ ಸರದಿಯೇ ಬಂದಿರಲಿಲ್ಲ. ಈಗ ಬಂದಿದೆ ಎಂದು ಕಾರ್ಡು ಬರೆಸಿದ್ದರು. ಮಾಸ್ತರಿಗೆ ಜ್ವರ, ನನ್ನನ್ನು ಕಳಿಸಿದರು.

ನಾನು ಮೇಲಿನ ಗ್ಯಾಲರಿಯಲ್ಲಿ ಕುಳಿತೆ. ಸದಸ್ಯರ ಆಸನಗಳು ದುಂಡಗೆ ಬಳಸಿಕೊಂಡಿದ್ದವು. ಹೆಸರು ಕರೆದರು. ಬಾರಕೇರರು ಕುಳಿತಲ್ಲಿಂದ ಕೈಮುಗಿದರು. ಏಳಲಿಲ್ಲ. ಸದಸ್ಯರು ಎದ್ದು ಮಾತಾಡಬೇಕೆಂದು ಸಭಾಧ್ಯಕ್ಷರು ಹೇಳಿದರು. ಧಾರವಾಡ ಕಡೆಯ ಸದಸ್ಯರೊಬ್ಬರು ಪಕ್ಕದಲ್ಲಿದ್ದು ಅದನ್ನು ಕನ್ನಡಕ್ಕೆ ತಂದರು. ಬಾರಕೇರರು ಏಳಲಿಲ್ಲ.

"ಕಾಲಿಗೆ ಬೇನೆಯಿದೆಯೇ? ಇದ್ದರೆ ಕುಳಿತು ಮಾತಾಡಲು ಅನುಮತಿ ಕೊಡುತ್ತೇನೆ" ಎಂದರು ಅಧ್ಯಕ್ಷರು. ಒಳ್ಳೆಯ ಮನುಷ್ಯರು.

"ಇಲ್ರಿ. ಗಟ್ಟಿ ಅದಾವ. ಟೇಶನ್ನದಿಂದ ಇಲ್ಲೀತನಕ ನಡಕೋಂತ ಬಂದೀನಿ."

ಪಕ್ಕದ ಸದಸ್ಯರು ಪಿಸುಗುಟ್ಟಿದ್ದು ಗ್ಯಾಲರಿಗೂ ಕೇಳಿಸಿತು. "ಬ್ಯಾನಿ ಐತಿ ಅನ್ರಿ ಮಾರಾಯ್ರ!"

"ಹೆಂಗ ಅನ್ಲಿ? ಕಾಲ ಕೇಳಸ್ಕೊಂತಾವ."

"ಹಾಗಾದರೆ ಏಕೆ ಏಳುವುದಿಲ್ಲ?" ಎಂದರು ಅಧ್ಯಕ್ಷರು.

"ಇಷ್ಟ ಮಂದಿ ಕುಂತಾರ್ರಿ. ನಾ ಎದ್ರ ಮಗಚತೈತಿ."

ಸಭೆ ನಕ್ಕಿತು. ಬಾರಕೇರರು ನಗಲಿಲ್ಲ. ನಗು ನಿಂತ ಮೇಲೆ ಕುಳಿತೇ ಒಂದು ವಾಕ್ಯ ಹೇಳಿದರು: "ಅಧ್ಯಕ್ಷರ, ನಮ್ಮ ಬಲಿ ನಮಗ ಕೊಡಸ್ರಿ." ಎದ್ದು ಹೇಳದ ಮಾತು ನಡಾವಳಿಯಲ್ಲಿ ಸೇರುವುದಿಲ್ಲ ಎಂದು ಅಧ್ಯಕ್ಷರು ವಿಷಾದದಿಂದ ತಿಳಿಸಿ ಮುಂದಿನ ಹೆಸರು ಕರೆದರು.

ನಾನು ತಂತಿ ಕಚೇರಿಗೆ ಓಡಿದೆ. ಗುಮಾಸ್ತ ಕಿಟಕಿಯ ಬಾಗಿಲು ಎಳೆಯುತ್ತಿದ್ದ. "ಬಾರಕೇರ ಕುಳಿತೇ ಮಾತಾಡಿದರು, ಬಲೆ ಕೇಳಿದರು, ನಡಾವಳಿಗೆ ಸೇರಲಿಲ್ಲ" ಎಂದು ಬರೆದಿದ್ದೆ. ಚಿಕ್ಕದು ಮಾಡಿ ಎಂದು ಅವನು ಗದರಿದ. ವಿವರವೆಲ್ಲ ಅಂಚೆಯಲ್ಲಿ ಬರುತ್ತದಲ್ಲ ಎಂದು ನಾನು ಹೊಡೆದು ಹಾಕಿದೆ. ಉಳಿದದ್ದು "ಬಾರಕೇರ ಮಾತಾಡಿದರು. ಬಲೆ ಕೇಳಿದರು." ಅಂಚೆ ಬೆಟಗೇರಿ ಮುಟ್ಟುವ ಮೊದಲೇ ಪತ್ರಿಕೆ ಅಚ್ಚಾಯಿತು. ಮಾಸ್ತರಿಗೆ ಇನ್ನೂ ಜ್ವರ. ಮೌಲಾಸಾಬರು ತಂತಿ ನೋಡಿ, ಹಲಗೆಗೆ ಕೈಹಾಕಿದರು. ಶ್ರೀ ಬಾರಕೇರ ಅವರು ಎದ್ದು ನಿಂತು ಸಭೆಯನ್ನುದ್ದೇಶಿಸಿ ಮಾತನಾಡುತ್ತ, ಕೊರ್ಲಹಳ್ಳಿಯ ಬಲೆಯನ್ನು ಕೂಡಲೇ ಹಿಂದಿರುಗಿಸಬೇಕೆಂದು ಆಗ್ರಹಪಡಿಸಿದರು. ಮೊದಲ ಪುಟ, ಎರಡನೆಯ ಅಂಕಣ.

ಕೊರ್ಲಹಳ್ಳಿಯಲ್ಲಿ ಪತ್ರಿಕೆಯನ್ನು ಶಾಲೆಯ ಮಾಸ್ತರು ಹೊಳೆಯ ದಂಡೆಯಲ್ಲಿ ಓದಿ ಹೇಳುತ್ತಿದ್ದರು. ಅಂದು ನಡೆದದ್ದನ್ನು ನನಗೆ ಹೇಳಿದವರು ಬಾರಕೇರರ ಹೆಂಡತಿ ಗಂಗವ್ವ. "ಎದ್ದು ನಿಂತು ಅಂದ್ರ ನೋಡಪಾ, ನನ್ನ ಕೈಯಾನ ಬುಟ್ಟಿ ಬಿದ್ದ ಹೋತು. ಭರಮಜ್ಜ ಮತ್ತೊಮ್ಮಿ ಓದ್ರಿ ಅಂದ. ಓದಿದ್ರು. ಇನ್ನೊಮ್ಮಿ ಅಂದ. ಓದಿದ್ರು. ಮೂರ ಸರ್ತಿ ಓದಿದ್ರೂ ನನ್ನ ಗಂಡ ಕುಂಡ್ರಲಿಲ್ಲ."

ಆ ಸಂಜೆಯೇ ಅವರ ಹರಗೋಲನ್ನು ಮನೆಯ ಮುಂದೆ ಬೋರಲು ಹಾಕಿದರು. ಶಾಸಕರು ಮುಂಬಯಿಯಿಂದ ರೈಲಿನಲ್ಲಿ ಗದಗಿಗೆ, ಬಸ್ಸಿನಲ್ಲಿ ಮುಂಡರಗಿಗೆ, ನಡೆದು ಊರಿಗೆ ಬಂದರೆ ಯಾರೂ ಮಾತಾಡಿಸಲಿಲ್ಲ. ಎರಡು ದಿನದ ಮೇಲೆ ನಮ್ಮ ಕಚೇರಿಗೆ ಬಂದರು. ಕುರ್ಚಿ ಕೊಟ್ಟರೂ ನೆಲದ ಮೇಲೆ ಕುಳಿತರು.

"ಮಾಸ್ತರ, ನಾ ಎದ್ದಿಲ್ಲ."

ನಾನು ಎಲ್ಲವನ್ನೂ ಹೇಳಿದೆ. ಮಾಸ್ತರು ನನ್ನನ್ನು ಬೈಯಲಿಲ್ಲ. ಬೆತ್ತವನ್ನು ಮೇಜಿನ ಮೇಲಿಟ್ಟು, "ಮೌಲಾಸಾಬ, ತಿದ್ದುಪಡಿ ಜೋಡಸ್ರಿ" ಎಂದರು. ಅಲ್ಲಿಯೇ ಹೇಳಿ ಬರೆಸಿದರು: ಶ್ರೀ ಬಾರಕೇರ ಅವರು ಸಭೆಯಲ್ಲಿ ಎದ್ದು ನಿಂತಿರಲಿಲ್ಲ, ಕುಳಿತೇ ಇದ್ದರು, ತಪ್ಪು ನಮ್ಮದು. ಮೌಲಾಸಾಬರು ಒಂದೊಂದೇ ಅಕ್ಷರ ಆರಿಸಿ ಸಾಲು ಕಟ್ಟಿದರು. ಇನ್ನೇನು ಯಂತ್ರಕ್ಕೆ ಏರಿಸಬೇಕು, ಬಾರಕೇರರು ಅಂಗಿಯ ಕಿಸೆಯಿಂದ ಒಂದು ಲಕೋಟೆ ತೆಗೆದರು.

"ಬಂದೀನಿ ಅಂದ ಮ್ಯಾಲ ಇದನ್ನೂ ಓದ್ರಿ. ಆಚಿ ದಂಡಿ ಕಚೇರಿದು. ಇಂಗ್ಲಿಷ ಐತಿ."

ಮಾಸ್ತರು ಓದಿ, ಕನ್ನಡದಲ್ಲಿ ಹೇಳಿದರು. ಮಾನ್ಯ ಸದಸ್ಯರು ಶಾಸನಸಭೆಯಲ್ಲಿ ಎದ್ದು ನಿಂತು ಆಗ್ರಹಪಡಿಸಿದ್ದಾರೆಂದು ತಿಳಿದುಬಂದಿರುವುದರಿಂದ, ನಡಾವಳಿಯ ಪ್ರತಿಯನ್ನಾಗಲಿ ಪತ್ರಿಕೆಯ ಕತ್ತರಿಕೆಯನ್ನಾಗಲಿ ಹಾಜರುಪಡಿಸಿದರೆ ಬಲೆಯನ್ನು ಬಿಟ್ಟುಕೊಡಲಾಗುವುದು. ಮೂಲ ಕಾಗದಗಳು ಮದ್ರಾಸಿನಲ್ಲಿರುವುದರಿಂದ ಬೇರೆ ದಾರಿಯಿಲ್ಲ. ವರದಿ ಸುಳ್ಳೆಂದು ಮುಂದೆ ಎಂದಾದರೂ ಕಂಡುಬಂದರೆ ಬಲೆಯನ್ನು ಪುನಃ ವಶಪಡಿಸಿಕೊಳ್ಳಲಾಗುವುದು.

ಎರಡೂ ಪಕ್ಕದ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ತಿದ್ದುಪಡಿ ಅಚ್ಚಾದರೆ ಬಾರಕೇರರ ಹರಗೋಲು ನೆಟ್ಟಗಾಗುತ್ತದೆ, ಬಲೆ ಹೋಗುತ್ತದೆ. ಅಚ್ಚಾಗದಿದ್ದರೆ ಬಲೆ ಬರುತ್ತದೆ, ಅವರು ಕೇರಿಯಲ್ಲಿ ಎದ್ದ ಮನುಷ್ಯನಾಗಿಯೇ ಉಳಿಯುತ್ತಾರೆ. ನಾನು ನಡಾವಳಿಯ ಪ್ರತಿ ಎಂದು ಏನೋ ಶುರು ಮಾಡಿದೆ. ನಡಾವಳಿಯಲ್ಲಿ ಏನೂ ಇಲ್ಲ ಎಂಬುದು ನೆನಪಾಗಿ ಬಾಯಿ ಮುಚ್ಚಿದೆ.

ಬಾರಕೇರರು ಲಕೋಟೆಯನ್ನು ಮರಳಿ ಇಸಿದುಕೊಂಡರು. "ಬಲಿ ಊರಂದು. ಹರಗೋಲ ನಂದೊಬ್ಬಂದು. ಹಾಕಬ್ಯಾಡ್ರಿ."

"ಸುಳ್ಳ ಅಚ್ಚಾಗೈತಿ ಬಾರಕೇರ. ತಿದ್ದೂದು ನಮ್ಮ ಧರ್ಮ" ಎಂದರು ಮಾಸ್ತರು.

"ತಿದ್ರಿ. ಯಾವಾಗ ತಿದ್ದಬೇಕು ಅಂತ ನಿಮ್ಮ ಧರ್ಮದಾಗ ಬರದೈತೇನ್ರಿ?"

ಮಾಸ್ತರು ಪ್ರಾಮಾಣಿಕರಾದ್ದರಿಂದ, "ಇಲ್ಲ" ಎಂದರು.

"ಹಂಗಾರ ಇಟ್ಟಿರ್ರಿ."

ಮೌಲಾಸಾಬರು ತಿದ್ದುಪಡಿಯನ್ನು ದಾರದಿಂದ ಕಟ್ಟಿ, ಹಲಗೆಯ ಮೇಲೆ "ತುಂಬಲಾರದ ನಷ್ಟ"ದ ಪಕ್ಕದಲ್ಲಿ ಇಟ್ಟರು. ಬಾರಕೇರರು ಸುಳ್ಳು ವರದಿಯ ಕತ್ತರಿಕೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೋದರು.

ಅಚ್ಚಿನಲ್ಲಿ ಹಾಕುವಂತಿಲ್ಲ ನಿಜ, ಬಾಯಿಂದ ಹೇಳಬಹುದಲ್ಲ ಎಂದು ಮುಂದಿನ ಬಸ್ಸಿಗೆ ಮುಂಡರಗಿಗೆ, ಅಲ್ಲಿಂದ ಕೊರ್ಲಹಳ್ಳಿಗೆ ಹೋದೆ. ಭರಮಜ್ಜ ಗಾಳದ ದಾರ ಹೊಸೆಯುತ್ತಿದ್ದ.

"ಅಜ್ಜಾ, ಫಕೀರಪ್ಪನವರು ಎದ್ದಿಲ್ಲ. ನಾ ಕಣ್ಣಾರೆ ನೋಡೀನಿ."

"ಪೇಪರನ್ಯಾಗ ಎದ್ದಾನಂತ ಐತಿ."

"ಅದನ್ನ ಬರದಾಂವ ನಾನ ಅಜ್ಜಾ. ಅದು ತಪ್ಪು."

ಅಜ್ಜ ನನ್ನನ್ನು ಕರುಣೆಯಿಂದ ನೋಡಿದ. "ಬರಿಯೂ ಮುಂದ ಖರೆ ಬರದಿ. ಈಗ ಗೆಳೆತನಕ್ಕ ಸುಳ್ಳ ಹೇಳಾಕ ಬಂದಿ. ಓದಿದಾಂವ ಆಗಿ ಹಿಂಗ ಮಾಡಬಾರದಪಾ. ನೀರ ಕುಡದು ಹೋಗು."

ಹೊಸ ಬಾತ್ಮೀದಾರರು ಇದನ್ನು ಗಮನಿಸಬೇಕು. ಪತ್ರಿಕೆಯ ಮೇಲೆ ಜನರಿಗಿದ್ದ ನಂಬಿಕೆಯನ್ನು ನಾನು ಕಂಡದ್ದು ಅಂದು. ಅದು ಅಷ್ಟು ಗಟ್ಟಿಯಾಗಿರಬಾರದಿತ್ತು.

ಬಲೆ ಬಂತು. ಆಚೆ ದಂಡೆಯ ಕಚೇರಿಯವರು ಅದನ್ನು ಅಷ್ಟು ಕಾಲ ಕಡತಗಳ ಮೇಲೆ ಪಾರಿವಾಳ ಕೂರದಂತೆ ಚಾವಣಿಗೆ ಕಟ್ಟಿದ್ದರು. ಬಿಟ್ಟುಕೊಡುವಾಗ ಅಧಿಕಾರಿ, "ಇನ್ನು ಕಡತಗಳ ಗತಿಯೇನು?" ಎಂದು ಬಾರಕೇರರನ್ನೇ ಕೇಳಿದರಂತೆ. ಆದರೆ ಅದನ್ನು ಹೊಳೆ ದಾಟಿಸಿ ತಂದವನು ಭರಮಜ್ಜ. ಬಾರಕೇರರ ಕೈಗೆ ಹುಟ್ಟು ಇರಲಿಲ್ಲ. ದಂಡೆಯಲ್ಲಿ ಹೆಂಗಸರು ಬಲೆ ಹರಡಿ ತಮ್ಮ ತಮ್ಮ ಮನೆಯ ಗಂಟುಗಳನ್ನು ಹುಡುಕಿ, ಹಿಕ್ಕೆ ಕೆರೆದು, ಅತ್ತು, ನಕ್ಕರು. ಬಲೆ ಬಿಡಿಸಿಕೊಂಡು ಬಂದ ಶಾಸಕರು ದೂರದಲ್ಲಿ ಕುಳಿತಿದ್ದರು. ಗಂಗವ್ವ ತಮ್ಮ ಪಾಲಿನ ಮೊಳಗಳನ್ನು ಮುಟ್ಟಿ, ಆ ಕೈಯನ್ನು ಹಾಗೆಯೇ ತಂದು ಗಂಡನ ಅಂಗೈಗೆ ಒರೆಸಿದರು.

"ಬಲಿ ಬಂತಲ್ರಿ. ಇನ್ನು ಸಭಾದಾಗ ಏಳಬಹುದಲ್ಲ?" ಎಂದು ನಾನು ಕೇಳಿದೆ.

"ಬಲಿ ದಂಡಿ ಮುಟ್ಟಿತು. ನಾ ಎಲ್ಲಿ ಮುಟ್ಟೀನಿ?"

ಹೀಗಾಗಿ ಮುಂದೆಯೂ ಅವರು ಕುಳಿತೇ ಇದ್ದರು. ಮುಂಬಯಿಯ ಒಂದು ಪತ್ರಿಕೆ ಇದನ್ನು ಮೌನ ಪ್ರತಿಭಟನೆ ಎಂದು ಹೊಗಳಿತು. ಏಕೀಕರಣದ ಕೂಗು ಜೋರಾಗಿದ್ದ ಕಾಲ. ಕನ್ನಡಿಗರಿಗೆ ರಾಜ್ಯ ಸಿಗುವವರೆಗೆ ಏಳುವುದಿಲ್ಲವೆಂದು ಅವರು ಪಣ ತೊಟ್ಟಿದ್ದಾರೆಂದು ಗದಗಿನಲ್ಲಿ ಸುದ್ದಿ ಹಬ್ಬಿತು. ಅವರು ಅಲ್ಲಗಳೆದರು. ಅಲ್ಲಗಳೆದದ್ದು ವಿನಯವೆನಿಸಿತು. ಲಕ್ಷ್ಮೇಶ್ವರದ ಏಕೀಕರಣ ಸಭೆಯಲ್ಲಿ, ಇಂಥವರು ಕುಳಿತಿರುವಾಗ ತಾವು ನಿಲ್ಲುವುದು ಸರಿಯಲ್ಲವೆಂದು ಉಳಿದ ಭಾಷಣಕಾರರೂ ಕುಳಿತೇ ಮಾತಾಡಿದರು. ವೇದಿಕೆಯಿರಲಿಲ್ಲ, ಜಮಖಾನೆ ಹಾಸಿದ್ದರು. ಹಿಂದಿದ್ದವರಿಗೆ ಯಾರೂ ಕಾಣಲಿಲ್ಲ. "ಯಾರ ಮಾತಾಡಾಕ ಹತ್ಯಾರಲೇ?" "ಯಾರೋ ಕೆಮ್ಮಿನಾಂವ." ನಾನು ದನಿಯ ಮೇಲೆ ವರದಿ ಬರೆದೆ. ಮೌಲಾಸಾಬರ "ಎದ್ದು ನಿಂತು" ಆ ವಾರ ಹಲಗೆಯಿಂದ ಇಳಿಯಲಿಲ್ಲ. ನಾನು ಪಕ್ಕದಲ್ಲಿ ನಿಂತು ಕಾವಲು ಕಾದೆ.

ತಿದ್ದುಪಡಿ ಅಲ್ಲಿಯೇ ಇತ್ತು. ಮಾಸ್ತರು ಪ್ರತಿ ವಾರ ಅದರ ಧೂಳು ಊದುತ್ತಿದ್ದರು. "ಆ ಕಟ್ಟಿನಾಗ ಎಷ್ಟ ತಕಾರ ಸಿಕ್ಕೊಂಡಾವ ಗೊತ್ತೈತೇನ್ರಿ? ನನಗ ತಕಾರ ಸಾಲವಲ್ಲವು" ಎಂದು ಮೌಲಾಸಾಬರು ಗೊಣಗುತ್ತಿದ್ದರು. ಒಮ್ಮೆಯೂ ಬಿಚ್ಚಲಿಲ್ಲ.

ಕೊನೆಗೆ ರಾಜ್ಯ ಒಂದಾಯಿತು. ನವೆಂಬರ್ ಒಂದರಿಂದ ಈಚೆ ದಂಡೆಯೂ ಆಚೆ ದಂಡೆಯೂ ಒಂದೇ ರಾಜ್ಯ. ನಡುವಿನ ಗೆರೆ ಅಧಿಕಾರಿಯ ಮನಸ್ಸಿನಿಂದಲೂ ಹೋಯಿತು, ಬಲೆಯನ್ನು ವಶಪಡಿಸಿಕೊಳ್ಳಲು ಕಾರಣ ಉಳಿಯಲಿಲ್ಲ. ನಾವು ವಿಶೇಷ ಸಂಚಿಕೆ ತಂದೆವು. ಮೊದಲ ಪುಟದ ತುಂಬ ದಪ್ಪ ಅಕ್ಷರ. ಮಾಸ್ತರು ಕರಡು ನೋಡಿ, "ತಿದ್ದುಪಡಿ ಎಲ್ಲಿ?" ಎಂದರು.

"ನಾಲ್ಕನೇ ಪುಟದಾಗ ಹಾಕೋಣ್ರಿ."

"ತಪ್ಪು ಮೊದಲನೇ ಪುಟದಾಗ ಮಾಡೀವಿ. ತಿದ್ದೂದೂ ಅಲ್ಲೇ."

"ಅಲ್ಲಿ ರಾಜ್ಯ ಐತಲ್ರಿ ಮಾಸ್ತರ."

"ರಾಜ್ಯ ಸ್ವಲ್ಪ ಸರೀಲಿ."

ರಾಜ್ಯ ನಾಲ್ಕು ಸಾಲು ಮೇಲೆ ಸರಿಯಿತು. ಕೆಳಗೆ ತಿದ್ದುಪಡಿ ಕುಳಿತಿತು.

ಪತ್ರಿಕೆಯನ್ನು ನಾನೇ ಕೊರ್ಲಹಳ್ಳಿಗೆ ಒಯ್ದೆ. ಶಾಲೆಯ ಮಾಸ್ತರು ದಂಡೆಯಲ್ಲಿ ನಿಂತು ಗಂಟಲು ಸರಿಪಡಿಸಿಕೊಂಡು "ಉದಯವಾಯಿತು..." ಎಂದು ಮೇಲಿನ ದಪ್ಪ ಅಕ್ಷರದಿಂದ ಶುರು ಮಾಡಿದರು. ನಾನು ಬೆರಳಿನಿಂದ ಕೆಳಗೆ ತೋರಿಸಿದೆ. ಅವರು ಕಣ್ಣಾಡಿಸಿ ಓದು ನಿಲ್ಲಿಸಿದರು. "ಏನೈತಿ? ಕೆಳಗಿಂದ ಓದ್ರಿ. ರಾಜ್ಯದ್ದ ಆಮ್ಯಾಲ" ಎಂದ ಭರಮಜ್ಜ.

ಓದಿದರು. ಅಜ್ಜ ಮೂರು ಸಲ ಓದಿಸಿದ. ಮೂರು ಸಲವೂ ಬಾರಕೇರರು ಕುಳಿತೇ ಇದ್ದರು.

"ಇಷ್ಟು ವರ್ಷ ಯಾಕ ಹಾಕಲಿಲ್ಲಲೇ?" ಎಂದು ಅಜ್ಜ ನನ್ನನ್ನು ಕೇಳಿದ.

ನಾನು ಬಾರಕೇರರನ್ನು ನೋಡಿದೆ. ಅವರು ಹೊಳೆಯನ್ನು ನೋಡುತ್ತಿದ್ದರು. ನಾನೇ ಹೇಳಿದೆ: ಕಚೇರಿಯ ಕಾಗದ, ಕತ್ತರಿಕೆ, ಷರತ್ತು. ಹೇಳಿ ಮುಗಿದ ಮೇಲೆ ದಂಡೆಯಲ್ಲಿ ಬಲೆ ಒಣಗುತ್ತಿದ್ದ ಕಡೆಗೆ ಎಲ್ಲರ ಕಣ್ಣೂ ಹೋಯಿತು.

"ಬಲಿ ಸಲುವಾಗಿ ಬೋರಲ ಬಿದ್ದಿದ್ದೇನೋ ಫಕೀರಾ?" ಎಂದ ಅಜ್ಜ. ಅಜ್ಜ ಎದ್ದು, ತಾನೇ ಹೋಗಿ ಬಾರಕೇರರ ಮನೆಯ ಮುಂದಿನ ಹರಗೋಲನ್ನು ಎತ್ತಿದ. ಅದರ ಕೆಳಗಿನಿಂದ ಹನ್ನೊಂದು ಕೋಳಿಗಳು ಹೊರಬಂದವು. "ಏಯ್, ನನ್ನ ಕೋಳಿ ಮನಿ ಮುರದ್ರಿ!" ಎಂದು ಗಂಗವ್ವ ಕೂಗಿದರು. ಕೂಗುತ್ತಲೇ ಅತ್ತರು.

ಹೊಸ ಚರ್ಮ ಹೊದಿಸಲು ಎಂಟು ದಿನ ಬೇಕಾಯಿತು. ಎಂಟನೆಯ ದಿನ ಮತ್ತೆ ಹೋದೆ. ಭರಮಜ್ಜನನ್ನೂ ಗಂಗವ್ವನನ್ನೂ ಎದುರುಬದುರು ಕೂರಿಸಿ, ನನ್ನನ್ನು ಒಂದು ಕಲ್ಲಿನ ಜೊತೆ ಇಟ್ಟರು. ನಾನು ಸ್ವಲ್ಪ ದಪ್ಪಗಾಗಿದ್ದರಿಂದ ಕಲ್ಲು ಮೊದಲಿನದಕ್ಕಿಂತ ಸಣ್ಣದಿತ್ತು. ಬಾರಕೇರರು ಮೊಣಕಾಲೂರಿ ಹುಟ್ಟು ಹಾಕಿದರು. ಮಡುವಿನ ಮೇಲೆ ಹಾದು ಹರಗೋಲು ಆಚೆ ದಂಡೆಯ ಮರಳಿಗೆ ಮೆಲ್ಲಗೆ ತಾಗಿತು. ಅಲ್ಲಿ ನೆರೆ ತಂದು ಹಾಕಿದ ಬಿದಿರೊಂದು ಅರ್ಧ ಹೂತಿತ್ತು, ತುದಿಯಲ್ಲಿ ಬಣ್ಣ ಹೋದ ಬಟ್ಟೆ.

ಬಾರಕೇರರು ಹುಟ್ಟನ್ನು ಅಜ್ಜನ ಕೈಗೆ ಕೊಟ್ಟು, ಎದ್ದರು. ಮೊಣಕಾಲುಗಳು ಚಟಚಟ ಎಂದವು. ಖಾಲಿ ದಂಡೆಯ ಕಡೆ ಮುಖ ಮಾಡಿ, ಕೈಮುಗಿದು, ಗಟ್ಟಿಯಾಗಿ ಹೇಳಿದರು:

"ಅಧ್ಯಕ್ಷರ, ನಮ್ಮ ಬಲಿ ನಮಗ ಕೊಡಸ್ರಿ."

"ಕೊಟ್ಟಾರಲೇ, ಇಳಿ" ಎಂದ ಭರಮಜ್ಜ.

ಬೆಟಗೇರಿಗೆ ಮರಳಿ ಕಚೇರಿಗೆ ಬಂದಾಗ ಮಾಸ್ತರು ಏನಾದರೂ ಸುದ್ದಿಯಿದೆಯೇ ಎಂದರು. ಬಾರಕೇರರು ಎದ್ದು ನಿಂತರು, ಒಂದು ವಾಕ್ಯ ಮಾತಾಡಿದರು ಎಂದೆ. ಮೌಲಾಸಾಬರು ಅಭ್ಯಾಸಬಲದಿಂದ ಹಲಗೆಯ ಮೇಲಿನ ಕಟ್ಟಿಗೆ ಕೈಹಾಕಿದರು. ನಾನು ತಡೆಯುವ ಮೊದಲೇ ಅವರ ಕೈ ನಿಂತಿತು. ನನ್ನ ಮುಖ ನೋಡಿ, "ಖರೇನ ಎದ್ರೇನು?" ಎಂದರು.

"ನಾ ಕಂಡೀನಿ."

ಅವರು ಕನ್ನಡಕ ಒರೆಸಿಕೊಂಡು, ಗೂಡಿನ ಮುಂದೆ ಕುಳಿತು, ಒಂದೊಂದೇ ಅಕ್ಷರ ಆರಿಸತೊಡಗಿದರು.